ಕೈಯಲ್ಲಿ ಆಡುವ ಗೇಮ್ ಕನ್ಸೋಲ್‌ಗೆ ಅಗ್ಗದ ರೂಟರ್ ಸಾಕು, ಉಳಿದ ದುಡ್ಡು ತಂತಿಗೆ ಹಾಕಿ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ರಜೆಯಲ್ಲಿ ಬರುವ ಮಾವನೋ ಅಣ್ಣನೋ ಮಕ್ಕಳಿಗೆಂದು ತರುವ ಸಾಮಾನಿನಲ್ಲಿ ಈಗ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಕೂಡ ಸೇರಿದೆ. ನಿಂಟೆಂಡೊ ಕಂಪನಿ ತನ್ನ ಸ್ವಿಚ್ ಕನ್ಸೋಲನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಕೂಡ ಹಾಗೆಯೇ. ಹಾಗಾಗಿ ಹೊರದೇಶದಿಂದ ಬರುವವರ ಬ್ಯಾಗೇ ಇವಕ್ಕೆ ದಾರಿ. ಕನ್ಸೋಲ್ ಮನೆಗೆ ಬಂದ ಸ್ವಲ್ಪ ದಿನಕ್ಕೇ ದೂರು ಶುರುವಾಗುತ್ತದೆ. ಆಟದ ನಡುವೆ ನೆಟ್ ಕಡಿಯುತ್ತದೆ. ಎದುರಾಳಿ ನಿಂತಲ್ಲೇ ನಿಂತು, ಮತ್ತೆಲ್ಲೋ ಕಾಣಿಸಿಕೊಳ್ಳುತ್ತಾನೆ. ಗೆಳೆಯರ ಜೊತೆ ಸೇರಲು ಹೋದರೆ ಕನೆಕ್ಟ್ ಆಗುವುದೇ ಇಲ್ಲ. ಆಗ ತಂದೆ ತಾಯಿ ಹೊಸ ರೂಟರ್ ಹುಡುಕಲು ಹೊರಡುತ್ತಾರೆ. ಅಂಗಡಿಯವರು ಆರು ಆಂಟೆನಾದ, 'ಗೇಮಿಂಗ್' ಎಂದು ಬರೆದ ದುಬಾರಿ ಡಬ್ಬವನ್ನು ಮುಂದಿಡುತ್ತಾರೆ.

ಅದು ಬೇಡ. ಎರಡು ಮೂರು ಸಾವಿರ ರೂಪಾಯಿಯ ಒಳಗಿನ ರೂಟರ್ ಈ ಕನ್ಸೋಲ್‌ಗಳಿಗೆ ಧಾರಾಳ ಸಾಕು. ಆಟ ಕೆಡುವುದು ಸ್ಪೀಡ್ ಕಮ್ಮಿಯಾಗಿ ಅಲ್ಲ. ಡೇಟಾ ತಡವಾಗಿ ಬಂದು, ಒಮ್ಮೆ ಬೇಗ ಒಮ್ಮೆ ನಿಧಾನ ಆಗಿ ಕೆಡುತ್ತದೆ. ಆ ತಡ ಎಲ್ಲಿ ಹುಟ್ಟುತ್ತದೆ ಎಂದು ನೋಡದೆ ರೂಟರ್ ಬದಲಿಸಿದರೆ ದುಡ್ಡು ಹೋಗುತ್ತದೆ, ದೂರು ಉಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಂತೂ ಮುಕ್ಕಾಲು ಪಾಲು ತೊಂದರೆ ಗೋಡೆಯಲ್ಲಿ, ಕರೆಂಟಿನಲ್ಲಿ, ಮತ್ತು ನೆಟ್ ಕೊಡುವವರು ಹಾಕಿದ ಮೋಡೆಮ್‌ನಲ್ಲಿ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಡಬ್ಬದ ಮೇಲಿನ ಸಂಖ್ಯೆ ಏನು ಹೇಳುತ್ತದೆ?

ಎಸಿ1200, ಎಎಕ್ಸ್1500, ಎಎಕ್ಸ್3000. ಈ ಸಂಖ್ಯೆಗಳನ್ನು ನೋಡಿ ಜನ ರೂಟರ್ ಆರಿಸುತ್ತಾರೆ. ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಓಡುತ್ತದೆ. ಎಸಿ1200 ಎಂದರೆ 2.4 ಗಿಗಾಹರ್ಟ್ಸ್ ಬ್ಯಾಂಡಿನ 300 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 867 ಎಂಬಿಪಿಎಸ್ ಕೂಡಿಸಿ, ಸ್ವಲ್ಪ ಮೇಲಕ್ಕೆ ಎಳೆದದ್ದು. ಕನ್ಸೋಲ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್ ಹಿಡಿಯುತ್ತದೆ. ಅಂದರೆ ಆ 1200 ಯಾವ ಸಾಧನಕ್ಕೂ ಒಟ್ಟಿಗೆ ಸಿಗುವುದಿಲ್ಲ. ಆ 867 ಕೂಡ ರೂಟರಿನ ಪಕ್ಕದಲ್ಲೇ ಕೂತಾಗಿನ ಗಾಳಿಯ ಲೆಕ್ಕ. ನಿಜವಾಗಿ ಫೈಲ್ ಇಳಿಯುವ ವೇಗ ಅದಕ್ಕಿಂತ ತುಂಬಾ ಕಮ್ಮಿ.

ಇನ್ನೊಂದು ಸಂಗತಿ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ತಂತಿ ಚುಚ್ಚುವ ಪೋರ್ಟ್ 100 ಎಂಬಿಪಿಎಸ್‌ನದ್ದೋ, ಗಿಗಾಬಿಟ್‌ನದ್ದೋ? ಟಿಪಿ-ಲಿಂಕ್‌ನ ಆರ್ಚರ್ ಸಿ50 ಮತ್ತು ಸಿ6 ಎರಡೂ ಎಸಿ1200 ಹೆಸರಿನಲ್ಲೇ ಮಾರಾಟವಾದವು. ಸಿ50ಯ ಪೋರ್ಟ್ 100 ಎಂಬಿಪಿಎಸ್‌ನದ್ದು. ಸಿ6ರದ್ದು ಗಿಗಾಬಿಟ್. ಪೋರ್ಟೇ 100ಕ್ಕೆ ನಿಂತರೆ ವೈಫೈ ಎಷ್ಟು ದೊಡ್ಡದಿದ್ದರೂ ಇಂಟರ್‌ನೆಟ್ ಅದಕ್ಕಿಂತ ಜಾಸ್ತಿ ಒಳಗೆ ಬರುವುದಿಲ್ಲ. ಹಾಗೆಂದು 100ರ ಪೋರ್ಟ್ ಕೆಟ್ಟದ್ದಲ್ಲ. ನಿಮ್ಮ ಪ್ಲಾನ್ 40 ಅಥವಾ 50 ಎಂಬಿಪಿಎಸ್ ಆಗಿದ್ದರೆ ಅದು ಸಾಕು. ಪ್ಲಾನ್ 100 ದಾಟಿದ್ದರೆ ಮಾತ್ರ ಗಿಗಾಬಿಟ್ ಬೇಕು.

ಆಟಕ್ಕೆ ಎಷ್ಟು ಸ್ಪೀಡ್ ಬೇಕು ಎಂಬುದನ್ನೂ ನೋಡಿ. ಆನ್‌ಲೈನ್ ಆಟಕ್ಕೆ ನಿಂಟೆಂಡೊ ಹೇಳುವ ಕನಿಷ್ಠ ಮಿತಿ ಡೌನ್‌ಲೋಡ್ 3 ಎಂಬಿಪಿಎಸ್, ಅಪ್‌ಲೋಡ್ 1 ಎಂಬಿಪಿಎಸ್. ಆಡುವಾಗ ಹೋಗಿ ಬರುವುದು ಯಾರು ಎಲ್ಲಿದ್ದಾರೆ, ಯಾವ ಬಟನ್ ಒತ್ತಿದರು ಎಂಬಷ್ಟೇ ಮಾಹಿತಿ. ಚಿತ್ರವನ್ನೆಲ್ಲ ಕನ್ಸೋಲೇ ಬಿಡಿಸಿಕೊಳ್ಳುತ್ತದೆ. ಯೂಟ್ಯೂಬ್ ವಿಡಿಯೊ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಡೇಟಾ ತಿನ್ನುತ್ತದೆ. ಕೇರಳ ಸರ್ಕಾರದ ಇಂಟರ್‌ನೆಟ್ ಸೇವೆ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾದಾಗ ಅದರ ಅತಿ ಸಣ್ಣ ಪ್ಲಾನ್ 20 ಎಂಬಿಪಿಎಸ್‌ನದ್ದಾಗಿತ್ತು. ಒಬ್ಬ ಹುಡುಗ ಆಡಲು ಅದೇ ಬೇಕಾದಷ್ಟಾಯಿತು.

ಸ್ಪೀಡ್ ಬೇಕಾಗುವುದು ಆಟವನ್ನು ಡೌನ್‌ಲೋಡ್ ಮಾಡುವಾಗ. 15 ಜಿಬಿಯ ಆಟ 20 ಎಂಬಿಪಿಎಸ್‌ನಲ್ಲಿ ಇಳಿಯಲು ನೂರು ನಿಮಿಷ. 100 ಎಂಬಿಪಿಎಸ್‌ನಲ್ಲಿ 20 ನಿಮಿಷ. ಸ್ಟೀಮ್ ಡೆಕ್‌ನಂಥ ಕಂಪ್ಯೂಟರ್ ಮಾದರಿಯ ಕನ್ಸೋಲ್‌ಗಳಲ್ಲಿ 100 ಜಿಬಿಯ ಆಟಗಳೂ ಇವೆ. 20ರ ಪ್ಲಾನಿನಲ್ಲಿ ಅದಕ್ಕೆ ಹನ್ನೊಂದು ಗಂಟೆ ಬೇಕು. ರಾತ್ರಿ ಹಚ್ಚಿ ಮಲಗಿದರೆ ಆಯಿತು. ಅದಕ್ಕಾಗಿ ದೊಡ್ಡ ರೂಟರ್ ತರುವ ಅಗತ್ಯ ಇಲ್ಲ, ಅಲ್ವಾ?

ಸಾಲಿನಲ್ಲಿ ಸಿಕ್ಕಿಬೀಳುವ ಆಟ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಸಂಜೆ ಹುಡುಗ ಆಡುತ್ತಿದ್ದಾನೆ, ಎಲ್ಲ ಸರಿಯಿದೆ. ಅಕ್ಕ ಮದುವೆಯ ವಿಡಿಯೊವನ್ನು ವಾಟ್ಸಾಪಿನಲ್ಲಿ ದುಬೈಗೆ ಕಳಿಸುತ್ತಾಳೆ. ಅಥವಾ ಅಪ್ಪನ ಫೋನ್ ತನ್ನಷ್ಟಕ್ಕೇ ಫೋಟೊಗಳನ್ನು ಗೂಗಲ್‌ಗೆ ಏರಿಸಲು ಶುರು ಮಾಡುತ್ತದೆ. ಆ ಗಳಿಗೆಯಲ್ಲೇ ಆಟ ತಡವರಿಸುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಸಂಖ್ಯೆ ಚೆನ್ನಾಗಿಯೇ ಇರುತ್ತದೆ. ಯಾರ ತಪ್ಪೆಂದು ಯಾರಿಗೂ ತಿಳಿಯುವುದಿಲ್ಲ.

ರೂಟರ್ ಮತ್ತು ಮೋಡೆಮ್‌ಗಳ ಒಳಗೆ ಹೊರಹೋಗುವ ಡೇಟಾ ಕಾಯುವ ಜಾಗ ಇರುತ್ತದೆ. ಮೆಮೊರಿ ಅಗ್ಗವಾದಂತೆ ಕಂಪನಿಗಳು ಈ ಜಾಗವನ್ನು ದೊಡ್ಡದು ಮಾಡುತ್ತಾ ಹೋದವು. ವಿಡಿಯೊ ಅಪ್‌ಲೋಡ್ ಆ ಜಾಗವನ್ನು ತುಂಬಿಬಿಡುತ್ತದೆ. ಆಟದ ಚಿಕ್ಕ ಡೇಟಾ ಅದರ ಹಿಂದೆ ನಿಲ್ಲಬೇಕಾಗುತ್ತದೆ. ಒಂದೇ ವಾಹನ ದಾಟುವ ಸೇತುವೆಯಲ್ಲಿ ಕಲ್ಲಿನ ಲಾರಿಗಳ ಸಾಲಿನ ಹಿಂದೆ ಬೈಕು ನಿಂತ ಹಾಗೆ. ಸೇತುವೆ ಕೆಟ್ಟಿಲ್ಲ, ಬೈಕಿನಲ್ಲೂ ದೋಷವಿಲ್ಲ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. 2010ರ ಸುಮಾರಿಗೆ ಇಂಟರ್‌ನೆಟ್ ಎಂಜಿನಿಯರ್ ಜಿಮ್ ಗೆಟ್ಟಿಸ್ ಇದನ್ನು ಎತ್ತಿ ತೋರಿಸಿದರು. ಪರಿಹಾರವೂ ಬಂತು. ಎಫ್‌ಕ್ಯು-ಕೋಡೆಲ್ ಎಂಬ ವಿಧಾನ 2018ರಲ್ಲಿ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಸೇರಿತು. ಅದು ಪ್ರತಿ ಸಂಪರ್ಕಕ್ಕೆ ಬೇರೆ ಸಾಲು ಮಾಡಿ, ಚಿಕ್ಕ ಡೇಟಾವನ್ನು ಮುಂದಕ್ಕೆ ಬಿಡುತ್ತದೆ. ಅದರ ನಂತರ ಬಂದ ಕೇಕ್ ಎಂಬುದು ಮನೆಯ ರೂಟರಿಗೆಂದೇ ರೂಪಿಸಿದ್ದು.

ನಿಮ್ಮ ಮನೆಯಲ್ಲಿ ಈ ತೊಂದರೆ ಇದೆಯೇ ಎಂದು ನೋಡುವುದು ಸುಲಭ. ಒಂದು ಫೋನಿನಲ್ಲಿ ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ, ಅಳೆಯುವ ಆ್ಯಪ್ ಹಾಕಿ, ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡುತ್ತಾ ಇರಿ. ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. 30 ಮಿಲಿಸೆಕೆಂಡ್ ಇದ್ದದ್ದು 50 ಆದರೆ ಚಿಂತೆಯಿಲ್ಲ. 300 ಆದರೆ ನಿಮ್ಮ ಆಟ ಕೆಡಿಸುವವನು ಸಿಕ್ಕಿಬಿದ್ದ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ 17 ಮಿಲಿಸೆಕೆಂಡಿಗಿಂತ ಕಮ್ಮಿ ಸಮಯ. 300 ಅಂದರೆ ಹದಿನೆಂಟು ಚಿತ್ರದಷ್ಟು ಹಿಂದೆ ಬಿದ್ದಂತೆ.

ಹಾಗಾದರೆ ಅಗ್ಗದ ರೂಟರಿನಲ್ಲಿ ಏನು ನೋಡಬೇಕು? ಆಂಟೆನಾದ ಎಣಿಕೆ ಬಿಡಿ. ಅಪ್‌ಲೋಡ್ ಮತ್ತು ಡೌನ್‌ಲೋಡ್ ಎರಡಕ್ಕೂ ಒಟ್ಟು ಮಿತಿ ಹಾಕುವ ಕ್ಯುಒಎಸ್ ಸೌಲಭ್ಯ ಇದೆಯೇ ಎಂದು ಕೇಳಿ. ಅಳೆದು ಸಿಕ್ಕ ವೇಗದ ಶೇಕಡಾ 85ರಿಂದ 90ಕ್ಕೆ ಮಿತಿ ಇಟ್ಟರೆ ಸಾಲು ನಿಲ್ಲುವುದು ನಿಮ್ಮ ರೂಟರಿನಲ್ಲಿ, ಕಂಪನಿಯ ಮೋಡೆಮ್‌ನಲ್ಲಲ್ಲ. ಆಗ ಅದನ್ನು ಹತೋಟಿಯಲ್ಲಿ ಇಡಬಹುದು. ಸ್ವಲ್ಪ ಸ್ಪೀಡ್ ಬಿಟ್ಟುಕೊಟ್ಟು ಆಟ ಉಳಿಸಿಕೊಳ್ಳುವ ಲೆಕ್ಕ ಇದು. ನನಗಂತೂ ಇದು ಒಳ್ಳೆಯ ವ್ಯಾಪಾರ ಅನಿಸುತ್ತದೆ.

ಕೈ ಹಾಕಿ ನೋಡುವ ಉತ್ಸಾಹ ಇದ್ದವರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಕೇಕ್ ಮತ್ತು ಎಫ್‌ಕ್ಯು-ಕೋಡೆಲ್ ಎರಡೂ ಸಿಗುತ್ತವೆ. ಆದರೆ ರೂಟರಿನ ಅಡಿಯ ಲೇಬಲ್ ಓದಿಯೇ ಮುಂದುವರಿಯಿರಿ. ಒಂದೇ ಹೆಸರಿನ ಮಾದರಿಯಲ್ಲಿ ವಿ2, ವಿ3, ವಿ4 ಎಂದು ಒಳಗಿನ ಯಂತ್ರಾಂಗವೇ ಬದಲಾಗಿರುತ್ತದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ಡಬ್ಬಗಳಿಗೆ ಈಗಿನ ಓಪನ್‌ಡಬ್ಲ್ಯುಆರ್‌ಟಿ ಬರುವುದಿಲ್ಲ. ಈ ಸಾಲು ನಿಭಾಯಿಸುವ ಕೆಲಸ ರೂಟರಿನ ಪ್ರೊಸೆಸರ್ ಮೇಲೆ ಬೀಳುತ್ತದೆ ಎಂಬುದೂ ತಿಳಿದಿರಲಿ. 50 ಅಥವಾ 100 ಎಂಬಿಪಿಎಸ್ ಪ್ಲಾನಿಗೆ ಅಗ್ಗದ ರೂಟರ್ ತಡೆದುಕೊಳ್ಳುತ್ತದೆ. 300ರ ಪ್ಲಾನಿಗೆ ಅದೇ ರೂಟರ್ ಸೋಲುತ್ತದೆ.

ಮುರಕಲ್ಲಿನ ಗೋಡೆ ದಾಟುವುದು

ಪೇಟೆಯವರು ಕೊಡುವ ಸಲಹೆ ಯಾವಾಗಲೂ ಒಂದೇ: 2.4 ಬಿಡಿ, 5 ಗಿಗಾಹರ್ಟ್ಸ್ ಹಿಡಿಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇದು ಸರಿ. ಅಲ್ಲಿ ಒಂದು ಕೋಣೆಯಲ್ಲಿ ಕೂತರೆ ಇಪ್ಪತ್ತು ಮನೆಯ ವೈಫೈ ಕಾಣುತ್ತದೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಇಪ್ಪತ್ತು ಮನೆ ಮೂರು ಚಾನೆಲ್‌ಗೆ ಮುಗಿಬಿದ್ದರೆ ಆಟ ನಡೆಯುವುದು ಹೇಗೆ? ಉಪ್ಪಳ ಪೇಟೆಯ ಫ್ಲ್ಯಾಟಿನಲ್ಲಿ, ಕಾಸರಗೋಡು ನಗರದಲ್ಲಿ ಇರುವವರಿಗೂ ಈ ಮಾತು ಹೊಂದುತ್ತದೆ.

ಆದರೆ ಪೆರ್ಲ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ಅಡೂರಿನ ಕಡೆ ಬನ್ನಿ. ಮನೆಯ ಸುತ್ತ ಅಡಿಕೆ ತೋಟ. ಪಕ್ಕದ ಮನೆ ಗುಡ್ಡದ ಆಚೆ. ಅಲ್ಲಿ ವೈಫೈ ಪಟ್ಟಿಯಲ್ಲಿ ಕಾಣುವುದು ನಿಮ್ಮದೊಂದೇ ಹೆಸರು. 2.4 ಗಿಗಾಹರ್ಟ್ಸ್ ಖಾಲಿ ಬಿದ್ದಿದೆ. ತೊಂದರೆ ಇರುವುದು ಗೋಡೆಯಲ್ಲಿ. ಮುರಕಲ್ಲು ಕಟ್ಟಿ ಎರಡೂ ಬದಿ ಗಾರೆ ಬಳಿದ ಗೋಡೆ ಮುಕ್ಕಾಲು ಅಡಿ ದಪ್ಪ ಬರುತ್ತದೆ. ಮುರಕಲ್ಲು ನೀರು ಹೀರುವ ಕಲ್ಲು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ತೇವ ಹಿಡಿದ ಗೋಡೆ ರೇಡಿಯೊ ಅಲೆಯನ್ನು ಇನ್ನೂ ಜಾಸ್ತಿ ನುಂಗುತ್ತದೆ.

ಗೋಡೆಯೇ ಇಲ್ಲದ ಬಯಲಿನಲ್ಲೂ, ಒಂದೇ ದೂರದಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ 2.4ಕ್ಕಿಂತ 6-7 ಡೆಸಿಬಲ್ ಕಮ್ಮಿ ತಲುಪುತ್ತದೆ. ಅಂದರೆ ಸುಮಾರು ಐದನೇ ಒಂದು ಪಾಲು. ಗೋಡೆ ಅಡ್ಡ ಬಂದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಹಾಗಾಗಿ ತೋಟದ ಮನೆಯಲ್ಲಿ, ರೂಟರ್ ಚಾವಡಿಯಲ್ಲಿದ್ದು ಹುಡುಗ ಒಳಕೋಣೆಯಲ್ಲಿ ಆಡುವುದಾದರೆ, 2.4 ಗಿಗಾಹರ್ಟ್ಸೇ ಒಳ್ಳೆಯದಿರಬಹುದು. ಫೋನಿನಲ್ಲಿ ವೈಫೈ ಬಲ ಅಳೆಯುವ ಆ್ಯಪ್ ಹಾಕಿ, ಆಡುವ ಜಾಗದಲ್ಲೇ ನಿಂತು ನೋಡಿ. ಅದು ತೋರಿಸುವ ಸಂಖ್ಯೆ (ಡಿಬಿಎಂ) ಮೈನಸ್ 67ಕ್ಕಿಂತ ಮೇಲಿದ್ದರೆ, ಅಂದರೆ ಮೈನಸ್ 60, ಮೈನಸ್ 50 ಹೀಗೆ, ಆ ಬ್ಯಾಂಡ್ ಆಟಕ್ಕೆ ಸಾಕು. ಮೈನಸ್ 75 ಎಂದು ತೋರಿಸಿದರೆ ಡೇಟಾ ಕಳೆದುಹೋಗಿ ಮತ್ತೆ ಮತ್ತೆ ಕಳಿಸುವ ಪರಿಸ್ಥಿತಿ. ಲ್ಯಾಗ್ ಅಲ್ಲೇ ಹುಟ್ಟುವುದು.

ಒಂದು ಎಚ್ಚರಿಕೆ. ಬ್ಲೂಟೂತ್ ಕೂಡ 2.4ರಲ್ಲೇ ಓಡುತ್ತದೆ. ಸ್ವಿಚ್‌ನ ಜಾಯ್‌ಕಾನ್ ಎಂಬ ಕಂಟ್ರೋಲರ್, ಬ್ಲೂಟೂತ್ ಹೆಡ್‌ಫೋನ್ ಎಲ್ಲವೂ ಅದೇ ಬ್ಯಾಂಡ್. ಹೆಡ್‌ಫೋನ್ ಹಾಕಿದಾಗ ಮಾತ್ರ ಆಟ ಕೆಡುತ್ತದೆ ಎಂದಾದರೆ ಒಂದು ದಿನ ತಂತಿಯ ಇಯರ್‌ಫೋನ್ ಹಾಕಿ ನೋಡಿ. ಅಥವಾ ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್ ಹಿಡಿಯಿರಿ. ಹಾಗೆ ಹಿಡಿಯುವಾಗ 36, 40, 44, 48 ಈ ನಾಲ್ಕರಲ್ಲಿ ಒಂದು ಚಾನೆಲ್ ಇಡಿ. ನಡುವಿನ 52ರ ನಂತರದ ಚಾನೆಲ್‌ಗಳಲ್ಲಿ ರಾಡಾರ್ ಕಂಡರೆ ರೂಟರ್ ಜಾಗ ಬಿಟ್ಟುಕೊಡಬೇಕೆಂಬ ನಿಯಮ ಇದೆ. ಆಗ ಆಟ ಕಡಿಯುತ್ತದೆ.

ಗಲ್ಫ್ ದುಡ್ಡಿನಲ್ಲಿ ಕಟ್ಟಿದ ಎರಡಂತಸ್ತಿನ ತಾರಸಿ ಮನೆಗಳ ಕಥೆ ಬೇರೆ. ಮೋಡೆಮ್ ಕೆಳಗೆ ಸಿಟ್‌ಔಟ್ ಪಕ್ಕದ ಟಿವಿ ಹತ್ತಿರ. ಮಕ್ಕಳ ಕೋಣೆ ಮೇಲೆ. ನಡುವೆ ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಸ್ಲ್ಯಾಬ್. ಇಲ್ಲಿ ಹತ್ತು ಸಾವಿರದ ರೂಟರ್ ಕೆಳಗಿಟ್ಟರೂ ಮೇಲಿನವರಿಗೆ ಸಮಾಧಾನ ಸಿಗುವುದಿಲ್ಲ. ವೈಫೈ ಎಕ್ಸ್‌ಟೆಂಡರ್ ತರುವವರು ತುಂಬಾ ಜನ. ಅಗ್ಗದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ, ತಡ ಏರುತ್ತದೆ. ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತದೆ, ಆಟ ಮಾತ್ರ ಸರಿ ಆಗುವುದಿಲ್ಲ.

ಇದಕ್ಕೆ ಸರಿಯಾದ ಉಪಾಯ ಒಂದು ಲ್ಯಾನ್ ಕೇಬಲ್. ಕೆಳಗಿನ ಮೋಡೆಮ್‌ನಿಂದ ಮೇಲಿನ ಕೋಣೆಗೆ ಕೇಬಲ್ ಎಳೆದು, ಅಲ್ಲಿ ಎರಡು ಸಾವಿರದ ರೂಟರ್ ಇಡಿ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಯಾವ ಮನೆಗೂ ಅಷ್ಟು ಬೇಕಾಗದು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ, ಪೂರ್ತಿ ತಾಮ್ರದ್ದೇ ಬೇಕು ಎಂದು ಹೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಬೇಗ ಮುರಿಯುತ್ತದೆ, ಜೋಡಣೆ ಸಡಿಲ ಆಗುತ್ತದೆ. ರೂಟರಿನಲ್ಲಿ ಉಳಿಸಿದ ದುಡ್ಡು ಇಲ್ಲಿ ಹಾಕಿ ಎಂದು ನಾನು ಹೇಳುವುದು ಇದಕ್ಕೇ. ಹೊಸ ಮನೆ ಕಟ್ಟುವವರಂತೂ ವಯರಿಂಗ್ ಹೊತ್ತಿಗೇ ಪ್ರತಿ ಅಂತಸ್ತಿಗೆ ಒಂದು ಪೈಪ್ ಬಿಡಿಸಿಕೊಳ್ಳಿ. ಆಮೇಲೆ ಗೋಡೆ ಕೊರೆಯುವ ಕಷ್ಟ ತಪ್ಪುತ್ತದೆ.

ಎರಡು ಡಬ್ಬ ಸೇರಿದಾಗ

ಮೇಲಿನ ಕೋಣೆಯ ರೂಟರನ್ನು ಅಂಗಡಿಯಿಂದ ತಂದ ಹಾಗೆಯೇ ಚುಚ್ಚಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಕಂಪನಿ ಕೊಟ್ಟ ಫೈಬರ್ ಮೋಡೆಮ್ ತಾನೇ ಒಂದು ರೂಟರ್. ಅದು ಮನೆಯ ಎಲ್ಲ ಸಾಧನಗಳನ್ನು ಒಂದು ವಿಳಾಸದ ಹಿಂದೆ ಅಡಗಿಸುತ್ತದೆ. ಈ ಕೆಲಸಕ್ಕೆ ನ್ಯಾಟ್ ಎನ್ನುತ್ತಾರೆ. ನೀವು ತಂದ ರೂಟರ್ ಇನ್ನೊಮ್ಮೆ ಅದೇ ಕೆಲಸ ಮಾಡುತ್ತದೆ. ಸ್ವಿಚ್‌ನ ಎಷ್ಟೋ ಆಟಗಳಲ್ಲಿ ಒಬ್ಬರ ಕನ್ಸೋಲ್ ಇನ್ನೊಬ್ಬರ ಕನ್ಸೋಲ್ ಜೊತೆ ನೇರ ಮಾತಾಡಬೇಕು. ಎರಡು ಪದರದ ಹಿಂದೆ ಅಡಗಿದವನನ್ನು ಹೊರಗಿನವರು ಹುಡುಕಲಾರರು. ಗೆಳೆಯರ ಜೊತೆ ಸೇರಲು ಆಗುವುದಿಲ್ಲ ಎಂಬ ದೂರಿಗೆ ಮುಖ್ಯ ಕಾರಣ ಇದು.

ಸ್ವಿಚ್‌ನ ಇಂಟರ್‌ನೆಟ್ ಸೆಟ್ಟಿಂಗ್‌ನಲ್ಲಿ ಕನೆಕ್ಷನ್ ಟೆಸ್ಟ್ ಮಾಡಿದರೆ ನ್ಯಾಟ್ ಟೈಪ್ ಕಾಣುತ್ತದೆ. ಎ ಅಥವಾ ಬಿ ಬಂದರೆ ಒಳ್ಳೆಯದು. ಡಿ ಬಂದರೆ ಹೆಚ್ಚಿನವರ ಜೊತೆ ಆಡುವುದು ಕಷ್ಟ. ಸರಿ ಮಾಡಲು ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆಗ ಅದು ಬರೀ ವೈಫೈ ಹರಡುತ್ತದೆ, ವಿಳಾಸ ಹಂಚುವ ಕೆಲಸ ಮೋಡೆಮ್‌ಗೆ ಬಿಡುತ್ತದೆ. ಅಗ್ಗದ ರೂಟರ್ ಕೊಳ್ಳುವಾಗ ಈ ಮೋಡ್ ಇದೆಯೇ ಎಂದು ಕೇಳಲೇಬೇಕು. ಆದರೆ ಸಾಲು ನಿಭಾಯಿಸುವ ಕ್ಯುಒಎಸ್ ಕೆಲಸ ನಿಮ್ಮ ರೂಟರೇ ಮಾಡಬೇಕೆಂದಿದ್ದರೆ ದಾರಿ ತಿರುಗಾ ಮುರುಗಾ. ಆಗ ಕಂಪನಿಯ ಮೋಡೆಮನ್ನು ಬ್ರಿಜ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ಡೇಟಾ ದಾಟಿಸುವುದಷ್ಟೇ ಮಾಡುವ ಸ್ಥಿತಿಗೆ, ಹಾಕಿಸಿ, ಕನೆಕ್ಷನ್‌ನ ಯೂಸರ್‌ನೇಮ್ ಪಾಸ್‌ವರ್ಡನ್ನು ನಿಮ್ಮ ರೂಟರಿನಲ್ಲಿ ಹಾಕಬೇಕು. ಕನೆಕ್ಷನ್ ಕೊಟ್ಟ ಕೇಬಲ್‌ನವರಲ್ಲಿ ಕೇಳಿದರೆ ಮಾಡಿಕೊಡುವವರಿದ್ದಾರೆ.

ಇಷ್ಟು ಮಾಡಿದರೂ ಡಿ ಎಂದೇ ಬಂದರೆ ಮೂರನೆಯ ಪದರವೊಂದು ಕಂಪನಿಯ ಕಡೆ ಇರಬಹುದು. ಪ್ರಪಂಚದಲ್ಲಿ ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿದಿವೆ. ಹಾಗಾಗಿ ಕಂಪನಿಗಳು ಒಂದು ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತವೆ. ಇದಕ್ಕೆಂದೇ 2012ರಲ್ಲಿ ಒಂದಷ್ಟು ವಿಳಾಸಗಳನ್ನು ತೆಗೆದಿಟ್ಟರು. ಬ್ರಿಜ್ ಮಾಡಿದ್ದರೆ ನಿಮ್ಮ ರೂಟರಿನ, ಇಲ್ಲದಿದ್ದರೆ ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ಆ ಡಬ್ಬಕ್ಕೆ ಕೊಟ್ಟ ವಿಳಾಸ, ನೋಡಿ. ಮೊದಲ ಸಂಖ್ಯೆ 100, ಎರಡನೆಯದು 64ರಿಂದ 127ರ ನಡುವೆ ಇದ್ದರೆ ನೀವು ಆ ಹಂಚಿಕೆಯಲ್ಲಿದ್ದೀರಿ. ಇದನ್ನು ಯಾವ ರೂಟರೂ ಸರಿ ಮಾಡದು, ಲಕ್ಷ ರೂಪಾಯಿಯದ್ದಾದರೂ. ಕಂಪನಿಯಲ್ಲಿ ಪಬ್ಲಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಸೇರಿದ ವಿಳಾಸ, ಕೇಳಬೇಕು. ಅದಕ್ಕೆ ಬೇರೆ ಬಾಡಿಗೆ ಹಾಕುವುದುಂಟು. ರೂಟರ್ ಕೊಳ್ಳುವ ಮೊದಲೇ ಈ ಸಂಖ್ಯೆ ನೋಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಎಷ್ಟೋ ಮನೆಯ ದುಡ್ಡು ಇದರಿಂದ ಉಳಿಯುತ್ತದೆ.

ಅಕ್ಕ ತಮ್ಮ ಒಂದೇ ಮನೆಯಲ್ಲಿ ಎರಡು ಸ್ವಿಚ್ ಇಟ್ಟುಕೊಂಡು ಆಡುವುದಾದರೆ ರೂಟರೇ ಬೇಡ. ಲೋಕಲ್ ವೈರ್‌ಲೆಸ್ ಇರುವ ಆಟಗಳಲ್ಲಿ ಕನ್ಸೋಲ್‌ಗಳು ತಮ್ಮ ತಮ್ಮಲ್ಲೇ ಕೂಡಿಕೊಳ್ಳುತ್ತವೆ. ಕರೆಂಟ್ ಹೋದಾಗಲೂ ನಡೆಯುತ್ತದೆ.

ಯಾವ ಕನ್ಸೋಲ್‌ಗೆ ಯಾವ ವೈಫೈ

ವೈಫೈ 5, ವೈಫೈ 6 ಎಂಬುವು ವೈಫೈಯ ಪೀಳಿಗೆಗಳ ಹೆಸರು, ಗಿಗಾಹರ್ಟ್ಸ್ ಲೆಕ್ಕ ಅಲ್ಲ. 2017ರ ಸ್ವಿಚ್ ವೈಫೈ 5ರದ್ದು, ಎರಡೂ ಬ್ಯಾಂಡ್ ಹಿಡಿಯುತ್ತದೆ. ಅದಕ್ಕೆ ವೈಫೈ 6 ರೂಟರ್ ತಂದರೆ ಹೇಳಿಕೊಳ್ಳುವಂಥ ಲಾಭ ಇಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ವೈಫೈ 6 ಬಲ್ಲದು. ಸ್ಟೀಮ್ ಡೆಕ್‌ನ ಮೊದಲ ಮಾದರಿ ವೈಫೈ 5, 2023ರ ಒಎಲ್‌ಇಡಿ ಮಾದರಿ 6ಇ. ಈ 6ಇ ಎಂಬುದು 6 ಗಿಗಾಹರ್ಟ್ಸ್ ಬ್ಯಾಂಡನ್ನೂ ಬಳಸುತ್ತದೆ. ಸೌದಿ ಅರೇಬಿಯ ಅದನ್ನು 2021ರಲ್ಲೇ ವೈಫೈಗೆ ಬಿಟ್ಟಿತು. ಭಾರತದಲ್ಲಿ ಅದರ ಕೆಳಭಾಗಕ್ಕೆ ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಮುರಕಲ್ಲಿನ ಗೋಡೆಯನ್ನು ಅದು 5ಕ್ಕಿಂತಲೂ ಕಷ್ಟದಲ್ಲಿ ದಾಟುತ್ತದೆ. ಅಗ್ಗದ ರೂಟರ್ ಹುಡುಕುವವರು ಅದರ ಗೊಡವೆಗೆ ಹೋಗಬೇಕಿಲ್ಲ.

ನಿಜವಾಗಿ ಒಳ್ಳೆಯ ವೈಫೈ ಬೇಡುವುದು ಸೋನಿ ಕಂಪನಿಯ ಪ್ಲೇಸ್ಟೇಷನ್ ಪೋರ್ಟಲ್. ಅದರ ರಿಮೋಟ್ ಪ್ಲೇನಲ್ಲಿ ಆಟ ನಡೆಯುವುದು ಮನೆಯ ಪ್ಲೇಸ್ಟೇಷನ್ 5 (ಪಿಎಸ್5) ಕನ್ಸೋಲ್‌ನಲ್ಲಿ, ಚಿತ್ರ ಮಾತ್ರ ವೈಫೈ ಮೇಲೆ ವಿಡಿಯೊದಂತೆ ಹರಿದು ಪೋರ್ಟಲ್‌ಗೆ ಬರುತ್ತದೆ. ಸೋನಿ ಹೇಳುವ ಕನಿಷ್ಠ ವೇಗ 5 ಎಂಬಿಪಿಎಸ್, ಚೆನ್ನಾಗಿ ಆಡಲು 15. ಪಿಎಸ್5 ಕೂಡ ವೈಫೈಯಲ್ಲೇ ಇದ್ದರೆ ಪ್ರತಿ ಚಿತ್ರವೂ ಒಂದೇ ಗಾಳಿಯನ್ನು ಎರಡು ಸಲ ದಾಟಬೇಕು. ಪಿಎಸ್5ಗೆ ಲ್ಯಾನ್ ಕೇಬಲ್ ಚುಚ್ಚಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹಳೆಯ ಕನ್ಸೋಲ್ ಕಪಾಟಿನಿಂದ ತೆಗೆದು ಮಕ್ಕಳಿಗೆ ಕೊಡುವವರೂ ಇದ್ದಾರೆ. ನಿಂಟೆಂಡೊ 3ಡಿಎಸ್, ಪಿಎಸ್ ವೀಟಾ ಎರಡೂ 2.4 ಮಾತ್ರ ಹಿಡಿಯುತ್ತವೆ. 3ಡಿಎಸ್‌ನ ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತುಹೋಯಿತು. 2004ರ ನಿಂಟೆಂಡೊ ಡಿಎಸ್‌ಗೆ ಡಬ್ಲ್ಯುಇಪಿ ಎಂಬ ಹಳೆಯ ಬೀಗ ಬಿಟ್ಟರೆ ಬೇರೆ ಗೊತ್ತಿಲ್ಲ. ಆ ಬೀಗ 2001ರಲ್ಲೇ ಮುರಿಯಿತು. ಡಿಎಸ್‌ನ ಆನ್‌ಲೈನ್ ಸೇವೆ ಕೂಡ 2014ರ ಮೇ ತಿಂಗಳಲ್ಲಿ ಮುಗಿಯಿತು. ಅದೊಂದಕ್ಕೋಸ್ಕರ ಮನೆಯ ವೈಫೈಯನ್ನು ಡಬ್ಲ್ಯುಇಪಿಗೆ ಇಳಿಸಬೇಡಿ. ಅದೇ ವೈಫೈಯಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಕೂಡ ಓಡುತ್ತಿದೆ.

ಸಿಡಿಲು, ಕರೆಂಟ್ ಮತ್ತು ಗಲ್ಫಿನ ರೂಟರ್

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನ ಮಧ್ಯಾಹ್ನದ ನಂತರದ ಗುಡುಗು ನಮ್ಮ ಕಡೆ ಎಷ್ಟು ಜೋರೆಂದು ಯಾರಿಗೂ ಹೇಳಬೇಕಿಲ್ಲ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್‌ನಲ್ಲಿ ಹರಿಯುತ್ತದೆ. ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಅಂಗಳದ ಮೇಲೆ ಲ್ಯಾನ್ ಕೇಬಲ್ ಎಳೆಯುವುದು ಅಪಾಯ. ಹಾಗೆ ಬೇಕೇ ಬೇಕು ಎಂದಿದ್ದರೆ ಆ ದೂರಕ್ಕೆ ಫೈಬರ್ ಹಾಕಿಸಿ.

ಕರೆಂಟ್ ಹೋದಾಗ ಕನ್ಸೋಲ್ ತನ್ನ ಬ್ಯಾಟರಿಯಲ್ಲಿ ಓಡುತ್ತದೆ, ರೂಟರ್ ಆರುತ್ತದೆ. ರೂಟರಿಗೆಂದೇ ಮಿನಿ ಯುಪಿಎಸ್ ಸಿಗುತ್ತದೆ. 8,800 ಎಂಎಎಚ್ ಎಂದು ಬರೆದದ್ದನ್ನು ನೋಡಿ ಮರುಳಾಗಬೇಡಿ. ಆ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್‌ನದ್ದು. ಅಂದರೆ ಸುಮಾರು 32 ವ್ಯಾಟ್-ಗಂಟೆ. ಮೋಡೆಮ್ ಮತ್ತು ರೂಟರ್ ಸೇರಿ 10-12 ವ್ಯಾಟ್ ಎಳೆದರೆ, ನಷ್ಟ ಕಳೆದು ಎರಡೂವರೆ ಗಂಟೆಯ ಆಸುಪಾಸು ಬರುತ್ತದೆ. ಕೊಳ್ಳುವ ಮೊದಲು ಎರಡೂ ಅಡಾಪ್ಟರಿನ ವೋಲ್ಟೇಜ್ ಓದಿ. ಹೆಚ್ಚಿನವು 12 ವೋಲ್ಟ್, ಸಣ್ಣ ರೂಟರ್‌ಗಳಲ್ಲಿ ಕೆಲವು 9 ವೋಲ್ಟ್. 9ರದ್ದಕ್ಕೆ 12 ಚುಚ್ಚಿದರೆ ಸುಟ್ಟುಹೋಗಬಹುದು.

ಗಲ್ಫಿನಿಂದ ರೂಟರ್ ತಂದುಕೊಡುತ್ತೇನೆ ಎನ್ನುವವರಿಗೆ ಪ್ರೀತಿಯಿಂದಲೇ ಬೇಡ ಅನ್ನಿ. ಅಲ್ಲಿನ ಟೆಲಿಕಾಂ ಕಂಪನಿ ಕೊಟ್ಟ ಡಬ್ಬ ಅನೇಕ ಸಲ ಆ ಕಂಪನಿಗೇ ಲಾಕ್ ಆಗಿರುತ್ತದೆ. ಚಪ್ಪಟೆ ಮೂರು ಪಿನ್ನಿನ ಪ್ಲಗ್ ನಮ್ಮ ಸಾಕೆಟ್‌ಗೆ ಕೂರುವುದಿಲ್ಲ. ವಾರಂಟಿ ಇಲ್ಲಿ ನಡೆಯುವುದಿಲ್ಲ. ಸಿಡಿಲಿನ ಊರಿನಲ್ಲಿ ವಾರಂಟಿ ಸಣ್ಣ ವಿಷಯ ಅಲ್ಲ. ಸೆಕೆಂಡ್‌ಹ್ಯಾಂಡ್ ತರುವುದಾದರೆ ಕಂಪನಿಯ ಪುಟದಲ್ಲಿ ಆ ಮಾದರಿಗೆ ಈಗಲೂ ಅಪ್‌ಡೇಟ್ ಬರುತ್ತಿದೆಯೇ ನೋಡಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದ.

ಕೊನೆಗೆ ನೆಟ್ ಕೊಡುವವರಲ್ಲಿ ಒಂದು ಮಾತು. ಇಲ್ಲಿ ಹೇಳಿದ ಬ್ರಿಜ್ ಮೋಡ್, ಪಬ್ಲಿಕ್ ಐಪಿ, ನ್ಯಾಟ್ ಇವೆಲ್ಲ ಫೋನಿನಲ್ಲಿ ಕೇಳಿ ಮಾಡಿಸಿಕೊಳ್ಳುವ ಕೆಲಸ. ಕಾಸರಗೋಡಿನ ಕನ್ನಡ ಮನೆಯ ಅಮ್ಮನಿಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದನ್ನು ವಿವರಿಸುವುದು ಎಷ್ಟು ಕಷ್ಟ ಎಂದು ಯೋಚಿಸಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿತು. ಕೆ-ಫೋನ್ ಸರ್ಕಾರದ್ದೇ ಸಂಸ್ಥೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಗ್ರಾಹಕರಿಗೆ ಕನ್ನಡದಲ್ಲಿ ಮಾತಾಡುವ ಒಬ್ಬರು ಫೋನ್ ಎತ್ತುವಂತೆ, ಮೋಡೆಮ್ ಜೊತೆ ಒಂದು ಹಾಳೆ ಕನ್ನಡದಲ್ಲಿ ಬರುವಂತೆ ಅದು ಮೊದಲು ಮಾಡಲಿ. ಊರಿನ ಕೇಬಲ್‌ನವರಲ್ಲಿ ಕನ್ನಡ, ತುಳು ಬಲ್ಲ ಹುಡುಗರು ಹೇಗೂ ಇದ್ದಾರೆ. ಕನೆಕ್ಷನ್ ಹಾಕಿಸುವ ದಿನವೇ ಅವರನ್ನು ಕೂರಿಸಿಕೊಂಡು ವ್ಯಾನ್ ಐಪಿ ತೋರಿಸಲು ಹೇಳಿ, ಮೋಡೆಮ್‌ನ ಪಾಸ್‌ವರ್ಡ್ ಬರೆಸಿಕೊಳ್ಳಿ. ಮೋಡೆಮನ್ನು ಟಿವಿ ಹಿಂದಿನ ಮೂಲೆಯಲ್ಲಿ ಬಿಡದೆ, ಮಕ್ಕಳು ಆಡುವ ಕೋಣೆಯ ಬಾಗಿಲಿಗೆ ಹತ್ತಿರ, ಎದೆಯೆತ್ತರದಲ್ಲಿ ಗೋಡೆಗೆ ಹೊಡೆಸಿ.